ವಾಡೆಯಲ್ಲಿ ಸೋನುಬಾಯಿ ಕೇಳಿದ ಮಾತು

ಬೀದರ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ವರ್ಷ ಸೋನುಬಾಯಿಯ ಮದುವೆಯಾಯಿತು. ತವರು ಮನ್ನಾಏಖೇಳ್ಳಿ, ಕೊಟ್ಟದ್ದು ದುಬಲಗುಂಡಿಗೆ. ಎರಡೂ ಕಡೆ ಒಕ್ಕಲುತನದ ಮನೆ. ಎರಡೂ ಕಡೆ ಅದೇ ಜೋಳ, ಅದೇ ತೊಗರಿ. ಗಂಡ ಮಾಣಿಕಪ್ಪ ಎತ್ತರದ ಆಳು, ಮಾತು ಮೆತ್ತಗೆ. ಕುಂಟೆ ಹೊಡೆಯುವಾಗ ಹಾಡು ಶುರು ಮಾಡಿದನೆಂದರೆ ಪಕ್ಕದ ಹೊಲದವರು ಸೊಂಟ ನೆಟ್ಟಗೆ ಮಾಡಿಕೊಳ್ಳುವ ನೆಪದಲ್ಲಿ ನಿಂತು ಕೇಳುತ್ತಿದ್ದರು. ಹುಮನಾಬಾದಿನ ಸಂತೆಗೆ ಹೋದ ದಿನ ಕಾಗದದಲ್ಲಿ ಕಟ್ಟಿಸಿದ ಭಜಿ ತಂದು, ಅವ್ವನ ಕಣ್ಣು ತಪ್ಪಿಸಿ ಹೆಂಡತಿಯ ಉಡಿಯಲ್ಲಿ ಹಾಕುವಷ್ಟು ಪ್ರೀತಿ ಅವನಿಗಿತ್ತು. ಸೋನುಬಾಯಿ ತನ್ನ ಕೊನೆಗಾಲದವರೆಗೂ ಗಂಡನನ್ನು ಕೆಟ್ಟವನೆಂದು ಅನ್ನಲಿಲ್ಲ. ಅನ್ನುವವರನ್ನೂ ತಡೆಯುತ್ತಿದ್ದಳು.

ಅವಳದು ಕಡಿಮೆ ಮಾತು. ಆದರೆ ಏನಾದರೂ ಸರಿಯಿಲ್ಲ ಎನ್ನಿಸಿದರೆ ಎದೆಯ ಕೆಳಗೆ ಗಂಟು ಬಿದ್ದಂತಾಗುತ್ತಿತ್ತು. ಅದು ಯಾವಾಗಲೂ ಖರೆಯಾಗುತ್ತಿತ್ತು ಎಂದೇನಿಲ್ಲ. ಮೊದಲ ಬಾಣಂತನಕ್ಕೆ ಬಂದ ಸೂಲಗಿತ್ತಿಯನ್ನು ಕಂಡೊಡನೆ ಹಾಗೆಯೇ ಆಗಿ, ಇವಳು ಬೇಡ ಎಂದು ಹಟ ಹಿಡಿದಿದ್ದಳು. ಆಮೇಲೆ ನೋಡಿದರೆ ಆಕೆಯಷ್ಟು ಹಗುರ ಕೈಯವಳು ಸುತ್ತಲಿನ ಊರುಗಳಲ್ಲೇ ಇರಲಿಲ್ಲ. ಹೀಗಾಗಿ ಸೋನುಬಾಯಿ ತನ್ನ ಹೊಟ್ಟೆಯ ಮಾತಿಗೆ ಹೆಚ್ಚು ಬೆಲೆ ಕೊಡುವ ಹೆಂಗಸಾಗಿರಲಿಲ್ಲ.

ಆ ಸೂಲಗಿತ್ತಿ ಹಿಡಿದ ಕೂಸೇ ಸಂಗು. ಅಪ್ಪನ ಹೆಗಲ ಮೇಲೆ ಕೂತು ಹೊಲಕ್ಕೆ ಹೋಗುತ್ತಿದ್ದ, ಎತ್ತಿನ ಕೊಂಬಿಗೆ ಹೂ ಸಿಕ್ಕಿಸುತ್ತಿದ್ದ. ಅವನಿಗೆ ನಾಲ್ಕು ತುಂಬುವ ಹೊತ್ತಿಗೆ ಊರಿಗೆ ವಾಂತಿಭೇದಿ ಬಂತು. ಬೇಸಿಗೆಯಲ್ಲಿ ಬಾವಿ ಬತ್ತಿ ಜನ ಹಳ್ಳದ ನೀರು ಕುಡಿಯುತ್ತಿದ್ದ ದಿನಗಳು. ಓಣಿಗೊಂದು ಮಗು ಹೋಯಿತು. ಮಾಣಿಕಪ್ಪ ಬಂಡಿ ಕಟ್ಟಿ ಹುಮನಾಬಾದಿನ ದವಾಖಾನೆಗೆ ಓಡಿಸಿದ. ದಾರಿಯಲ್ಲೇ ಸಂಗು ತಾಯಿಯ ತೊಡೆಯ ಮೇಲೆ ತಣ್ಣಗಾದ. ಆಗ ಯಶೋದಾ ಅವಳ ಹೊಟ್ಟೆಯಲ್ಲಿದ್ದಳು.

ಸೋನುಬಾಯಿ ಅತ್ತಳು, ಅತ್ತು ಅತ್ತು ಹೆತ್ತಳು, ಹೆತ್ತ ಕೂಸಿಗೆ ಹಾಲೂಡಿಸುತ್ತ ಮೆಲ್ಲಗೆ ಬದುಕಿಗೆ ಮರಳಿದಳು. ಮಾಣಿಕಪ್ಪ ಅಳಲಿಲ್ಲ. ಹಾಡುವುದನ್ನು ನಿಲ್ಲಿಸಿದ. ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂತು ಬರುತ್ತಿದ್ದ. ಇಂಥ ಒಂದು ದಿನ ಯಾರೋ ಅವನನ್ನು ಹುಮನಾಬಾದಿನ ಒಂದು ಭಜನೆಗೆ ಕರೆದುಕೊಂಡು ಹೋದರು. ಅಲ್ಲಿ ಅವನು ಮಹಾರಾಜನನ್ನು ಕಂಡ.

ಮಹಾರಾಜ ಯಾವ ಮಠದವನೂ ಅಲ್ಲ, ಯಾವ ಸಂಸ್ಥಾನದವನೂ ಅಲ್ಲ. ಸೊಲ್ಲಾಪುರದ ಕಡೆಯಿಂದ ಬಂದವನು; ಬಿಳಿ ಅಂಗಿ, ಬಿಳಿ ಧೋತರ, ಮರಾಠಿ ಬೆರೆತ ಮೆತ್ತನೆಯ ಕನ್ನಡ. ಅವನ ಸುತ್ತ ಸೇರಿದ ಜನಕ್ಕೆ ಮಂಡಳಿ ಎಂದು ಹೆಸರು. ಅವನು ಮಾಣಿಕಪ್ಪನ ಎರಡೂ ಕೈ ಹಿಡಿದು, ಏನೂ ಕೇಳದೆ ಬಹಳ ಹೊತ್ತು ಸುಮ್ಮನೆ ಕೂತನಂತೆ. ಆಮೇಲೆ "ನಿನ್ನ ಕೂಸು ಎಲ್ಲೂ ಹೋಗಿಲ್ಲಪ್ಪ" ಎಂದನಂತೆ. ಮಾಣಿಕಪ್ಪ ಅಂದು ಮೊದಲ ಸಲ ಅತ್ತ. ಮನೆಗೆ ಬಂದವನು ಮೂಲೆಯಲ್ಲಿ ಕೂತು ಸಣ್ಣ ದನಿಯಲ್ಲಿ ಒಂದು ಭಜನೆ ಹಾಡಿದ. ಒಲೆಯ ಮುಂದಿದ್ದ ಸೋನುಬಾಯಿಗೆ ಕೈಯೊಳಗಿನ ರೊಟ್ಟಿ ತಟ್ಟಲು ಆಗಲಿಲ್ಲ. ಗಂಡನ ದನಿ ಮರಳಿ ಕೊಟ್ಟ ಆ ಮನುಷ್ಯನಿಗೆ ಅವಳು ಮನಸ್ಸಿನಲ್ಲೇ ಕೈ ಮುಗಿದಳು.

ಮುಂದಿನ ವರ್ಷ ಹೊಲ ತಮ್ಮನಿಗೆ ವಹಿಸಿ ಮಾಣಿಕಪ್ಪ ಹೆಂಡತಿ ಮಗಳೊಡನೆ ವಾಡೆಗೆ ಹೋಗಿ ನೆಲೆಸಿದ. ಹುಮನಾಬಾದಿನಿಂದ ಕಲ್ಯಾಣಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಯಾರೋ ಹಳೆಯ ದೇಶಮುಖರು ಬಿಟ್ಟುಹೋದ ಕಲ್ಲಿನ ವಾಡೆ ಅದು. ಮಂಡಳಿಯವರು ಅದರ ಮಾಳಿಗೆಗೆ ಮಣ್ಣು ಹೊರಿಸಿ, ಗೋಡೆಗೆ ಸುಣ್ಣ ಬಳಿದು ಇರಲು ಯೋಗ್ಯ ಮಾಡಿಕೊಂಡಿದ್ದರು. ಮೊದಲ ದಿನಗಳು ಚೆನ್ನಾಗಿಯೇ ಇದ್ದವು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುವುದು, ಬೆಳಗಿನ ಭಜನೆ, ಹೆಂಗಸರೆಲ್ಲ ಸೇರಿ ಬೀಸುವುದು. ಮಗನನ್ನು ಕಳೆದುಕೊಂಡವಳೆಂದು ಎಲ್ಲರೂ ಅವಳನ್ನು ಹೂವಿನಂತೆ ನೋಡಿಕೊಂಡರು.

ಅಲ್ಲಿಯ ನೇಮಗಳು ಒಂದೊಂದಾಗಿ ಬಂದವು. ಬಳೆ ಬೇಡ, ಕೈಗೆ ಬಿಳಿ ದಾರ ಸಾಕು. ದವಾಖಾನೆಗೆ ಹೋಗಬಾರದು, ಬೇನೆ ಎಂದರೆ ಮನಸ್ಸಿನ ಕಲ್ಮಶ. ಹೊರಗಿನವರ ಕೈಯ ನೀರು ಕುಡಿಯಬಾರದು. ತವರಿಗೆ ಹೋಗಬೇಕಾದರೆ ಮಹಾರಾಜನ ಅಪ್ಪಣೆ ಬೇಕು. ಆ ಅಪ್ಪಣೆ ಯಾರಿಗೂ ಸಿಗುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡದು ಸಂಜೆಯ ನೇಮ. ದೀಪ ಹಚ್ಚಿದ ಮೇಲೆ ಎಲ್ಲರೂ ಅಂಗಳದಲ್ಲಿ ಕೂಡಬೇಕು, ಒಬ್ಬೊಬ್ಬರಾಗಿ ಎದ್ದು ಅಂದು ಮನಸ್ಸಿನಲ್ಲಿ ಬಂದ ಕೆಟ್ಟ ವಿಚಾರವನ್ನು ಹೇಳಬೇಕು. ಮನಸ್ಸು ತೊಳೆಯುವುದು ಎಂದು ಅದಕ್ಕೆ ಹೆಸರು. ತನ್ನದನ್ನು ಹೇಳದೆ ಉಳಿದರೆ, ಗೊತ್ತಿದ್ದವರು ಎದ್ದು ಹೇಳಬಹುದು. ಹೆಂಡತಿಯದನ್ನು ಗಂಡ, ತಾಯಿಯದನ್ನು ಮಗಳು.

ಸೋನುಬಾಯಿ ಸಣ್ಣಪುಟ್ಟದ್ದು ಹೇಳಿ ಕೂರುತ್ತಿದ್ದಳು. ಉಪ್ಪು ಹೆಚ್ಚಾಯಿತೆಂದು ಸಿಟ್ಟು ಬಂತು, ಭಜನೆಯಲ್ಲಿ ನಿದ್ದೆ ಬಂತು, ಇಂಥವು. ಒಂದು ಸಂಜೆ ಮಹಾರಾಜ ಅವಳನ್ನು ಕೂರಗೊಡಲಿಲ್ಲ.

"ತಾಯಿ, ನಿನ್ನೊಳಗ ಒಂದು ಮಾತು ಸಿಕ್ಕೊಂಡದ. ಅದನ್ನ ಹೊರಗ ಹಾಕು."

"ಏನೂ ಇಲ್ರಿ ಮಹಾರಾಜ."

"ಮಗನ ಮಾತು. ಬೇನಿ ಬರೂ ಮುಂಚಿನ ದಿನ ಹುಡುಗಗ ಏನ್ ಉಣಿಸಿದ್ದಿ?"

"ರೊಟ್ಟಿ, ಮಜ್ಜಿಗಿ ಉಣಿಸಿದ್ದೆ ರಿ."

"ದೇವರ ನೆನಿಸಿ ಉಣಿಸಿದ್ದೇನು?"

"ನೆನಪಿಲ್ರಿ."

"ನೆನಪಿಲ್ಲ ಅಂದ್ರ ನೆನಿಸಿಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. "ಹಂಗಾರ ಆ ಹುಡುಗನ್ನ ಕೊಂದವ್ರು ಯಾರು? ನಾ ಹೇಳಿದ್ರ ಉಪಯೋಗ ಇಲ್ಲ. ನಿನ್ನ ಬಾಯಿಲೇ ಬರಬೇಕು."

ಅಂಗಳವೆಲ್ಲ ಅವಳನ್ನೇ ನೋಡುತ್ತಿತ್ತು. ಗಂಡ ತಲೆ ಬಗ್ಗಿಸಿ ಕೂತಿದ್ದ. ಎದೆಯ ಕೆಳಗೆ ಗಂಟು ಬಿಗಿಯಿತು. ಅಲ್ಲ, ಅಲ್ಲ ಎಂದು ಒಳಗಿನಿಂದ ಯಾರೋ ಬಡಿದುಕೊಂಡಂತಾಯಿತು. ಆದರೆ ಕಾಲು ಸೋತಿದ್ದವು. ಹೇಳಿದರೆ ಕೂರಲು ಬಿಡುತ್ತಾರೆ ಎಂಬುದೊಂದೇ ಅವಳಿಗೆ ಹೊಳೆದದ್ದು.

"ನಾನೇ ಕೊಂದೆ ರಿ" ಎಂದಳು.

ಕೂಡಲೇ ಹೆಂಗಸರೆಲ್ಲ ಎದ್ದು ಬಂದು ಅವಳನ್ನು ತಬ್ಬಿದರು. ಎಲ್ಲರೂ ಅತ್ತರು. ಮಹಾರಾಜ ಕಣ್ಣೊರೆಸಿಕೊಂಡು "ಈಗ ಹಗುರಾತೇನು ತಾಯಿ?" ಎಂದ. "ಹೌದ್ರಿ" ಎಂದಳು ಸೋನುಬಾಯಿ.

ಹಗುರಾಗಿರಲಿಲ್ಲ. ಮರುದಿನ ಬೀಸುವ ಕಲ್ಲಿನ ಮುಂದೆ ಕೂತಾಗ ಅವಳ ಕಣ್ಣ ಮುಂದೆ ಹಳ್ಳ ಬಂತು. ಹಳ್ಳದಲ್ಲಿ ಬೊಗಸೆಯಿಂದ ನೀರು ಕುಡಿಯುವ ಮಕ್ಕಳು, ಅವರಲ್ಲಿ ಸಂಗು. ಓಣಿಗೊಂದು ಮಗು ಹೋಗಿತ್ತಲ್ಲ, ಆ ಅವ್ವಂದಿರೆಲ್ಲ ದೇವರನ್ನು ನೆನೆಯದೆ ಉಣಿಸಿದವರೇ? ಗಂಡ ಅಂಗಳದ ಬಾವಿಯಿಂದ ನೀರು ಸೇದಲು ಬಂದಾಗ ಮೆಲ್ಲಗೆ ಅಂದಳು: "ನಿನ್ನಿ ನಾ ಹೇಳಿದ್ದು ಸುಳ್ಳು ರಿ. ಸಂಗುಗ ನಾ ಏನೂ ಮಾಡಿಲ್ಲ. ನಿಮಗ ಗೊತ್ತದಲ್ಲ?"

ಮಾಣಿಕಪ್ಪ ಅವಳ ಮುಖವನ್ನೇ ನೋಡಿದ. ಏನೋ ಹೇಳುವವನಂತೆ ತುಟಿ ಅಲುಗಿತು. ಕೊಡ ತುಂಬಿಕೊಂಡು ಹೋಗಿಬಿಟ್ಟ. ಅಂದು ಸಂಜೆ ದೀಪ ಹಚ್ಚಿದ ಮೇಲೆ ಮೊದಲು ಎದ್ದು ನಿಂತವನು ಅವನೇ. ಹೆಂಡತಿ ತೊಳೆದುಕೊಂಡದ್ದನ್ನು ಮತ್ತೆ ಮೈಗೆ ಬಳಿದುಕೊಂಡಿದ್ದಾಳೆ ಎಂದು ಸಭೆಗೆ ಹೇಳಿದ. ಅವಳು ಬದುಕಲಿ ಎಂದೇ ಹೇಳುತ್ತಿದ್ದೇನೆಂದು ಅವನು ನಂಬಿದ್ದ. ಅದು ಸೋನುಬಾಯಿಗೂ ಕಾಣುತ್ತಿತ್ತು. ಅಂದಿನಿಂದ ಅವಳು ಗಂಡನೆದುರಿಗೆ ಮನಸ್ಸಿನ ಮಾತು ಆಡುವುದನ್ನು ಬಿಟ್ಟಳು. ಮಾತು ಬಿಟ್ಟ ಮೇಲೆ, ಒಳಗಿನಿಂದ ಬಡಿದುಕೊಂಡದ್ದು ಕಲ್ಮಶವೋ ತಾನೋ ಎಂಬುದು ಅವಳಿಗೇ ತಿಳಿಯದೆ ಹೋಯಿತು. ವರ್ಷಗಳು ಹಾಗೇ ಕಳೆದವು. ಯಶೋದಾ ಬಿಳಿ ದಾರ ಕಟ್ಟಿಕೊಂಡು, ಅಪ್ಪನ ಕಂಠವನ್ನೇ ಪಡೆದು, ಮಂಡಳಿಯ ಭಜನೆಗಳನ್ನು ಹಾಡುತ್ತ ಬೆಳೆದಳು.

ವಾಡೆಯಲ್ಲಿ ಸುಮನಬಾಯಿ ಎಂಬ ಹರೆಯದ ವಿಧವೆ ಇದ್ದಳು. ಕುರಿ ಕಾಯುವವರ ಮನೆಯ ಮಗಳು. ಕಲ್ಯಾಣದ ಆಚೆ ಅವರ ಹಟ್ಟಿ. ಒಂದು ಮುಂಜಾನೆ ಅವಳ ಅಣ್ಣ ಪಂಡರಿ, ಹೆಗಲ ಮೇಲೆ ಕಂಬಳಿ ಹೊತ್ತವನು, ವಾಡೆಯ ಬಾಗಿಲಿಗೆ ಬಂದು ನಿಂತ. ಕಾವಲಿನವರು ಒಳಗೆ ಬಿಡಲಿಲ್ಲ. ಅಂಗಳ ಗುಡಿಸುತ್ತಿದ್ದ ಸೋನುಬಾಯಿಯನ್ನು ಕಂಡು ಅವನು ದೂರದಿಂದಲೇ ಕೂಗಿದ: "ಅಕ್ಕಾ, ನಮ್ಮ ಸುಮನಗ ಹೇಳ್ರಿ. ಅವ್ವ ಹೋದ್ಳು. ಮಧ್ಯಾಹ್ನಕ್ಕ ಮಣ್ಣು ಮಾಡ್ತೀವಿ. ಮಾರಿ ನೋಡಾಕ ಬರ್ಲಿ."

ಸುಮನಬಾಯಿಗೆ ಸುದ್ದಿ ಮುಟ್ಟಿಸಿದವಳು ಸೋನುಬಾಯಿ. ಆ ಹುಡುಗಿ ಅಪ್ಪಣೆ ಕೇಳಲು ಓಡಿದಳು. ಮಹಾರಾಜ ಎಲ್ಲರನ್ನೂ ಅಂಗಳಕ್ಕೆ ಕರೆಸಿದ.

"ಸುಮನಗ ಹೊರಗ ತಾಯಿ ಇಲ್ಲ. ಮಂಡಳಿನೇ ಅಕಿಗಿ ತಾಯಿ. ಸತ್ತದ್ದು ಬರೇ ಮೋಹ. ಅದು ಹೋದದ್ದಕ್ಕ ಅಳಬಾರದು, ಹಾಡಬೇಕು. ಹಾಡವ್ವ ಸುಮನಾ."

ತಾಳ ಬಂತು. ಸುಮನಬಾಯಿ ಚಪ್ಪಾಳೆ ತಟ್ಟುತ್ತ ಹಾಡತೊಡಗಿದಳು. ಬಾಯಿ ಹಾಡುತ್ತಿತ್ತು, ಕೈ ತಾಳ ಹಾಕುತ್ತಿದ್ದವು, ಕಣ್ಣು ಮಾತ್ರ ಬಾಗಿಲ ಆಚೆಗಿನ ಕಂಬಳಿಯ ಮೇಲೆ ನಿಂತಿದ್ದವು. ಆ ಮುಖದ ಮೇಲೆ ಒತ್ತಾಯದ ನಗು ನೋಡಿದಾಗ ಸೋನುಬಾಯಿಗೆ ಹಗುರಾತೇನು ಎಂದು ಕೇಳಿದಾಗ ತಾನು "ಹೌದ್ರಿ" ಎಂದದ್ದು ನೆನಪಾಯಿತು. ಅವಳು ಎದ್ದು ನಿಂತದ್ದು ಅವಳಿಗೇ ಗೊತ್ತಾಗಲಿಲ್ಲ.

"ಮಹಾರಾಜ, ಅವ್ವನ ಮಣ್ಣಿಗಿ ಹೋಗಿ ಬಂದ್ರ ಏನ್ ಆಗ್ತದ್ರಿ?"

ತಾಳ ನಿಂತಿತು. ಮಹಾರಾಜ ನಕ್ಕ. "ಈ ಮಾತು ನಿಂದಲ್ಲ ತಾಯಿ. ನಿನ್ನೊಳಗಿನ ಕಲ್ಮಶದ್ದು."

"ಯಾರದರ ಆಗ್ಲಿ ರಿ. ಜವಾಬು ಏನು?"

ಅಷ್ಟು ವರ್ಷಗಳಲ್ಲಿ ಆ ಅಂಗಳದಲ್ಲಿ ಅಂಥ ಮಾತು ಯಾರೂ ಕೇಳಿರಲಿಲ್ಲ. ಮಹಾರಾಜನ ನಗು ಹಾಗೇ ಇತ್ತು, ಆದರೆ ಕಣ್ಣು ಒಂದು ಕ್ಷಣ ಅತ್ತಿತ್ತ ಹೋದವು. ಉತ್ತರ ಅವನ ಹತ್ತಿರ ಇಲ್ಲ ಎಂದು ಸೋನುಬಾಯಿಗೆ ಅನ್ನಿಸಿತು. ಅವನು ಎದ್ದು ಒಳಗೆ ಹೋದ. ಹೊರಗೆ ಪಂಡರಿ ಬಿಸಿಲು ಏರುವವರೆಗೆ ಕಾದು, ಕಂಬಳಿ ಕೊಡವಿಕೊಂಡು ಒಬ್ಬನೇ ಹೊರಟುಹೋದ.

ಅಂದಿನಿಂದ ವಾಡೆಯಲ್ಲಿ ಯಾರೂ ಸೋನುಬಾಯಿಯೊಡನೆ ಮಾತಾಡಲಿಲ್ಲ. ಅದು ಶಿಕ್ಷೆ. ತಾಟಿಗೆ ರೊಟ್ಟಿ ಬೀಳುತ್ತಿತ್ತು, ಹಾಕಿದವರ ಮುಖ ಬೇರೆ ಕಡೆ ಇರುತ್ತಿತ್ತು. ತಾನಾಗಿ ಮಹಾರಾಜನ ಕಾಲಿಗೆ ಬಿದ್ದು ತಪ್ಪಾಯಿತು ಎನ್ನುವವರೆಗೆ ಹೀಗೇ. ಗಂಡ ಎದುರಿಗೆ ಬಂದರೆ ದಾರಿ ಬದಲಿಸುತ್ತಿದ್ದ. ಅದನ್ನೂ ತಡೆದುಕೊಂಡಳು. ಒಂದು ದಿನ ಯಶೋದಾಳ ತಲೆ ಬಾಚಲು ಎಣ್ಣೆಯ ಬಟ್ಟಲು ಹಿಡಿದು ಕೂತಾಗ, ಒಂಬತ್ತು ವರ್ಷದ ಆ ಹುಡುಗಿ ಸುಮ್ಮನೆ ಎದ್ದು ಬೇರೊಬ್ಬಳ ಮುಂದೆ ಹೋಗಿ ಕೂತಳು. ಸೋನುಬಾಯಿ ಬಟ್ಟಲು ಹಿಡಿದುಕೊಂಡು ಅಲ್ಲೇ ಇದ್ದಳು. ತಪ್ಪಾಯಿತು ಎಂದುಬಿಡೋಣ ಎನ್ನಿಸಿತು. ತಾನು ಹುಚ್ಚಿಯೇ ಇರಬೇಕು, ಇಷ್ಟು ಜನರೆಲ್ಲ ತಪ್ಪಾಗಿ ತಾನೊಬ್ಬಳೇ ಸರಿ ಇರುವುದು ಹೇಗೆ ಎಂದೂ ಅನ್ನಿಸಿತು.

ರಸ್ತೆಯ ಬದಿಯ ಬೇವಿನ ಮರದ ಕೆಳಗಿನ ಬಾವಿಯಿಂದ ಕುಡಿಯುವ ನೀರು ತರುವುದು ಅವಳ ಪಾಲಿನ ಕೆಲಸ. ಹುಮನಾಬಾದಿನ ಅಕ್ಬರಿ, ಬಳೆ ಮಾರುತ್ತ ಹಳ್ಳಿ ಹಳ್ಳಿ ತಿರುಗುವ ಹೆಂಗಸು, ಆ ನೆರಳಿನಲ್ಲಿ ಹೆಗಲ ಮೇಲಿನ ಬಳೆಯ ಮಲಾರ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಳು. ದುಬಲಗುಂಡಿಯಲ್ಲಿ ಸೋನುಬಾಯಿಗೆ ಮದುವೆಯ ವರ್ಷದಿಂದ ಬಳೆ ಇಟ್ಟವಳು ಅವಳೇ. ಅಂದು ಅವಳು ಎದ್ದು ಬಂದು ಸೋನುಬಾಯಿಯ ಗದ್ದ ಹಿಡಿದು ಮುಖ ಎತ್ತಿದಳು.

"ಯಾ ಅಲ್ಲಾ, ಸೋನು! ಬಣ್ಣ ಎಲ್ಲಿ ಹೋಯ್ತೇ ನಿಂದು? ಉಂಡೀದಿ ಇಲ್ಲೋ? ಯಾರರ ಏನರ ಅಂದ್ರೇನು?"

ಎಷ್ಟೋ ದಿನಗಳ ಮೇಲೆ ಒಬ್ಬರು ಅವಳನ್ನು ಮಾತಾಡಿಸಿದ್ದರು. ಸೋನುಬಾಯಿ ಬಾವಿಯ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಕೊನೆಗೆ "ಆಪಾ, ನಾ ಹುಚ್ಚಿ ಆಗೀನೇನು?" ಎಂದಳು.

"ಹುಚ್ಚರು ಹಿಂಗ ಕೇಳ್ತಾರೇನೇ?" ಎಂದಳು ಅಕ್ಬರಿ. "ಅವ್ವ ಸತ್ರ ಅಳಬ್ಯಾಡ ಅನ್ನೂ ದೇವರು ಯಾಂವ? ನಂಗರ ಗೊತ್ತಿಲ್ಲವ್ವ. ನಿನ್ನ ದಿಲ್ ಏನಂತದ?"

"ಇಲ್ಲಿಂದ ಹೋಗು ಅಂತದ."

"ಮತ್ತ?"

ಮರುದಿನ ನಡುಮಧ್ಯಾಹ್ನ, ಹೆಂಗಸರು ಅಂಗಳದಲ್ಲಿ ಕಾಳು ಆರಿಸುತ್ತಿದ್ದಾಗ, ಸೋನುಬಾಯಿ ಎಲ್ಲರ ಎದುರಿಗೇ ಮಗಳ ಕೈ ಹಿಡಿದಳು. "ಬಾ ಅವ್ವಿ, ಹೋಗೂನು."

ಯಶೋದಾ ಕೈ ಕಿತ್ತುಕೊಂಡಳು. "ನೀ ಹೊರಗಿನಾಕಿ ಆಗೀದಿ. ನಿನ್ ಜೋಡಿ ಮಾತಾಡಬಾರ್ದು" ಎಂದವಳೇ, ಮಾತಾಡಿಬಿಟ್ಟೆನಲ್ಲ ಎಂದು ಹೆದರಿ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು.

ಮಾಣಿಕಪ್ಪ ಬಂದು ನಡುವೆ ನಿಂತ. "ಹೋಗಾಕಿ ಹೋಗು. ಹುಡುಗಿಗಿ ಮುಟ್ಟಬ್ಯಾಡ."

"ನೀವೂ ಬರ್ರಿ. ನಮ್ಮ ಹೊಲಾ ಅದ, ಮನಿ ಅದ."

ಅವನು ತಲೆ ಅಲ್ಲಾಡಿಸಿದ. ಹುಡುಗಿ ಅಪ್ಪನ ಧೋತರವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಎಳೆದುಕೊಂಡು ಹೋಗಬಹುದಿತ್ತು. ಅಷ್ಟು ಜನರ ನಡುವೆ ಕೂಸನ್ನು ಅಳಿಸಿ ಎಳೆದಾಡುವುದಕ್ಕಿಂತ, ಅಣ್ಣನನ್ನು ಕರೆತಂದು ಮರ್ಯಾದೆಯಿಂದ ಕರೆದೊಯ್ಯುತ್ತೇನೆ ಎಂದುಕೊಂಡು ಅವಳು ಬಾಗಿಲು ದಾಟಿದಳು. ಮುಂದೆ ಬದುಕಿರುವವರೆಗೂ ಅವಳು ತನ್ನನ್ನು ತಾನು ಕೇಳಿಕೊಂಡದ್ದು ಇದೊಂದನ್ನೇ. ಹೊರಟದ್ದು ಸರಿ ಎಂದು ಅವಳಿಗೆ ಗೊತ್ತಿತ್ತು. ಒಬ್ಬಳೇ ಹೊರಟದ್ದು ಸರಿಯೇ ಎಂಬುದಕ್ಕೆ ಅವಳ ಹೊಟ್ಟೆ ಎಂದೂ ಉತ್ತರ ಕೊಡಲಿಲ್ಲ.

ಮನ್ನಾಏಖೇಳ್ಳಿಯಲ್ಲಿ ಅಣ್ಣ ಸಿದ್ದಪ್ಪ ಬಸ್ಸು ನಿಲ್ಲುವಲ್ಲಿ ಚಹಾದ ಅಂಗಡಿ ಇಟ್ಟಿದ್ದ. ತಂಗಿಯ ಮಾತು ಕೇಳಿ ತಲೆ ಹಿಡಿದುಕೊಂಡ. "ಗಂಡನ್ನ ಬಿಟ್ಟು, ಮಗಳ್ನ ಬಿಟ್ಟು, ದೇವರ ಮನಿ ಬಿಟ್ಟು ಬಂದೀದಿ. ನಾಕು ಮಂದಿ ಕೇಳಿದ್ರ ಏನಂತ ಹೇಳ್ಲಿ?" ಆದರೂ ಒಡಹುಟ್ಟಿದವನು, ಅವಳೊಡನೆ ವಾಡೆಗೆ ಬಂದ. ಮಹಾರಾಜ ತಾನೇ ಬಾಗಿಲಿಗೆ ಬಂದು ಅವನನ್ನು ಕೈ ಹಿಡಿದು ಒಳಗೆ ಕರೆದೊಯ್ದ. ಸೋನುಬಾಯಿಯನ್ನು ಹೊರಗೇ ನಿಲ್ಲಿಸಿದರು. ಸಿದ್ದಪ್ಪ ಮರಳಿ ಬಂದಾಗ ಅವನ ಮುಖ ಬೇರೆಯಾಗಿತ್ತು.

"ಹಾಲು ಕೊಟ್ರು, ಕುಂದ್ರಸಿ ಮಾತಾಡ್ಸಿದ್ರು. ಹುಡುಗಿ ಎಣ್ಣಿ ಹಚ್ಚಿ ಹೆರಳ ಹಾಕ್ಕೊಂಡು ಚಂದ ಅದ. ನಾ ಇಲ್ಲೇ ಇರ್ತೀನಿ ಮಾಮಾ ಅಂತು. ಅಂಥಾ ಮಹಾತ್ಮನ ಮ್ಯಾಲ ಅಪವಾದ ಹೊರಸ್ತೀ ಏನು? ತಪ್ಪು ನಿಂದೇ ಅದ ಸೋನಾ."

ಅಣ್ಣನಿಗೆ ತೋರಿಸಲು ಅವಳ ಬಳಿ ಏನಿತ್ತು? ಮೈಮೇಲೆ ಪೆಟ್ಟಿನ ಗುರುತಿಲ್ಲ. ಅವರು ಉಪವಾಸ ಕೆಡವಿರಲಿಲ್ಲ. ಎದೆಯ ಕೆಳಗಿನ ಗಂಟನ್ನು ಕೈಯಲ್ಲಿ ತೆಗೆದು ತೋರಿಸಲಾಗುವುದಿಲ್ಲ. ಅವಳು ತವರಿಗೆ ಹಿಂದಿರುಗಲಿಲ್ಲ, ಹುಮನಾಬಾದಿಗೆ ನಡೆದಳು. ಅಕ್ಬರಿ ತನ್ನ ಓಣಿಯಲ್ಲೇ ಒಂದು ಕೋಣೆ ಕೊಡಿಸಿದಳು. ದವಸದ ಪೇಟೆಯಾದ ಗಂಜಿನಲ್ಲಿ, ಅಡತಿ ಅಂಗಡಿಯೊಂದರಲ್ಲಿ ಕಾಳು ಹಸನು ಮಾಡುವ ಹೆಂಗಸರ ಜೊತೆ ಸೇರಿಸಿದಳು. ಮೊರ ಹಿಡಿದು ತೊಗರಿ ಕೇರುತ್ತ, ದೂಳಿನಲ್ಲಿ ಕೆಮ್ಮುತ್ತ ಸೋನುಬಾಯಿಯ ಹರೆಯ ಕಳೆಯಿತು. ಬಿಡುವು ಸಿಕ್ಕ ದಿನ ಕಲ್ಯಾಣದ ಬಸ್ಸು ಹತ್ತಿ ವಾಡೆಯ ಬಳಿ ಇಳಿದು, ಬೇವಿನ ಮರದ ಕೆಳಗೆ ಕೂತು ಬರುತ್ತಿದ್ದಳು. ಭಜನೆ ಕೇಳಿಸುತ್ತಿತ್ತು. ಅದರಲ್ಲಿ ಮಗಳ ದನಿಯನ್ನು ಗುರುತು ಹಿಡಿಯುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಒಂದು ಮುಂಜಾನೆ ಸುಮನಬಾಯಿ ಗಂಜಿನಲ್ಲಿ ಅವಳನ್ನು ಹುಡುಕಿಕೊಂಡು ಬಂದಳು. ಕೈಯ ಬಿಳಿ ದಾರ ಕಿತ್ತ ಜಾಗದಲ್ಲಿ ಕೆಂಪು ಗೀರು ಇತ್ತು. ಅಣ್ಣ ಪಂಡರಿ ಕುರಿ ಹೊಡೆದುಕೊಂಡು ಎತ್ತ ಹೋಗಿದ್ದಾನೋ ತಿಳಿಯದು ಎಂದಳು.

"ಅಕ್ಕಾ, ಅವತ್ತು ನೀ ಕೇಳಿದಾಗ ನಾ ಚಪ್ಪಾಳಿ ಬಡಿಯಾಕತ್ತಿದ್ದೆ. ಜವಾಬು ಬರ್ತದ, ಬರ್ತದ ಅಂತ ಕಾದೆ. ಇಷ್ಟು ವರ್ಷ ಕಾದೆ. ಬರಲಿಲ್ಲ."

ಸೋನುಬಾಯಿ ಅವಳನ್ನು ಕೋಣೆಗೆ ಕರೆತಂದು ಕೂಡಿಸಿದಳು. "ಈಗ ಅಳು" ಎಂದಳು. ಸುಮನಬಾಯಿ ತಾಯಿಗಾಗಿ ಅತ್ತಳು. ಅಂದಿನಿಂದ ಇಬ್ಬರೂ ಒಂದೇ ಕೋಣೆಯಲ್ಲಿ ಉಳಿದರು.

ಯಶೋದಾಳ ಮದುವೆಯ ಸುದ್ದಿ ಅಕ್ಬರಿಯಿಂದಲೇ ಬಂತು. ಹುಡುಗಿಗೆ ಇನ್ನೂ ಹದಿನೈದು. ವರ ಮಂಡಳಿಯವನೇ, ಎರಡರಷ್ಟು ವಯಸ್ಸಿನವನು, ಮಹಾರಾಜ ಗೊತ್ತು ಮಾಡಿದವನು. ಸೋನುಬಾಯಿ ಹಸಿರು ಬಳೆಯ ಡಜನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಬಾಗಿಲಲ್ಲಿದ್ದವರು ಹೊಡೆಯಲಿಲ್ಲ, ಬೈಯಲಿಲ್ಲ. ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಅವಳ ತಲೆಯ ಮೇಲಿಂದ ಆಚೆ ನೋಡಿದರು. ಒಳಗೆ ಅಕ್ಷತೆ ಬಿತ್ತು. ಹೊರಗೆ ಬೇವಿನ ಬುಡದಲ್ಲಿ ನಿಂತು ಅವಳೂ ಎರಡು ಬೇವಿನ ಹೂ ಗಾಳಿಗೆ ಹಾರಿಸಿದಳು. ಬಳೆಗಳನ್ನು ಮರಳಿ ತಂದು ಅಕ್ಬರಿಯ ಮಲಾರದಲ್ಲಿ ಇಟ್ಟಳು.

ಮತ್ತೆ ಐದಾರು ವರ್ಷ ಹೋದವು. ಒಂದು ಸಲ ಚಳಿ ಶುರುವಾಗುವ ಹೊತ್ತಿಗೆ, ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಒಬ್ಬ ಮುದುಕನನ್ನು ಇಳಿಸಿ ಹೋಗಿದ್ದಾರೆ, ಸೋನುಬಾಯಿಯ ಹೆಸರು ಹೇಳುತ್ತಿದ್ದಾನೆ ಎಂದು ಗಂಜಿಗೆ ಸುದ್ದಿ ಬಂತು. ಹೋಗಿ ನೋಡಿದರೆ ಮಾಣಿಕಪ್ಪ. ಮುದುಕನಾಗುವ ವಯಸ್ಸೇ ಅಲ್ಲ. ಕ್ಷಯ ಅವನನ್ನು ತಿಂದು ಮುಗಿಸಿತ್ತು. ಎಷ್ಟು ತೊಳೆದರೂ ಬೇನೆ ಹೋಗದವನು ಮಂಡಳಿಗೆ ಕೆಡುಕು ಎಂದು ಹೊರಗೆ ಹಾಕಿದ್ದರು. ದವಾಖಾನೆಗೆ ಒಯ್ದಳು. ಡಾಕ್ಟರು ಬಹಳ ತಡವಾಯಿತು ಎಂದರು.

ಸುಮನಬಾಯಿಗೆ ಸಿಟ್ಟು ತಡೆಯಲಿಲ್ಲ. "ಅಕ್ಕಾ, ಇಂವನ್ನ ಯಾಕ ತಂದಿ? ಸಭಾದಾಗ ಎದ್ದು ನಿಂತು ನಿನ್ನ ಮಾತು ಹೇಳಿದಾಂವ."

"ಕಾಗದದಾಗ ಭಜಿ ಕಟ್ಟಿಸ್ಕೊಂಡು ಬರ್ತಿದ್ದ" ಎಂದಳು ಸೋನುಬಾಯಿ. ಸುಮನಬಾಯಿಗೆ ಅದು ಅರ್ಥವಾಗಲಿಲ್ಲ.

ಅವನು ಅವಳ ಕೈಯ ನೀರು ಕುಡಿಯಲು ಮೊದಲು ಒಪ್ಪಲಿಲ್ಲ. ಆಮೇಲೆ ಕುಡಿದ. ಕುಡಿದದ್ದಕ್ಕೆ ಹೆದರಿ ಅತ್ತ. ಒಂದು ಮಧ್ಯಾಹ್ನ, ಬಿಸಿಲು ಹಾಸಿಗೆಯ ಮೇಲೆ ಬಿದ್ದಿದ್ದಾಗ, ಕೇಳಿದ:

"ನಿಂಗ ಹ್ಯಾಂಗ ಗೊತ್ತಾತು? ಅದು ಖರೇ ಅಲ್ಲ ಅಂತ?"

"ಗೊತ್ತಿರಲಿಲ್ರಿ. ಬರೇ ಅನಸ್ತು."

"ನಂಗೂ ಅನಸಿತ್ತು" ಎಂದ ಮಾಣಿಕಪ್ಪ. ಬಹಳ ಹೊತ್ತು ಕೆಮ್ಮಿದ. "ನೀರ್ ಸೇದಾಕ ಬಂದಾಗ ನೀ ಹೇಳಿದೆಲ್ಲ... ಸಂಗುನ ಮಾತು. ಹೌದು ಅನಬೇಕಂತಿದ್ದೆ. ಅಂಜಿದೆ. ಹೌದಂದ್ರ ಹುಡುಗ ಖರೇನೇ ಸತ್ತಂಗ ಆಗ್ತಿತ್ತು. ಅಲ್ಲಿದ್ರ... ಅಂವ ಎಲ್ಲೂ ಹೋಗಿಲ್ಲ ಅಂದಿದ್ರಲ್ಲ."

ಸೋನುಬಾಯಿ ಅವನ ಎದೆ ನೀವಿದಳು. ಅವನಿಗೆ ಆಮೇಲೆ ಎಚ್ಚರ ತಪ್ಪುತ್ತ ಬಂತು. ಕೊನೆಯ ದಿನ ತುಟಿ ಮಾತ್ರ ಅಲುಗುತ್ತಿತ್ತು; ಬಗ್ಗಿ ಕೇಳಿದರೆ ಮಂಡಳಿಯ ಭಜನೆ. ಉಸಿರು ಸಾಲದೆ ಅರ್ಧಕ್ಕೇ ನಿಲ್ಲಿಸುತ್ತಿದ್ದ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಸೋನುಬಾಯಿ ಅವನ ಕೈ ಹಿಡಿದುಕೊಂಡು, ಯಾವ ಹಾಡು ಕೇಳಿದರೆ ತನ್ನ ಮೈ ಹಿಂಡುತ್ತಿತ್ತೋ ಅದೇ ಹಾಡನ್ನು ಅವನ ಪರವಾಗಿ ಹಾಡಿದಳು. ಕೊನೆಯ ನುಡಿಯವರೆಗೂ ಹಾಡಿದಳು. ಬಾಗಿಲಲ್ಲಿ ನಿಂತಿದ್ದ ಸುಮನಬಾಯಿ ಮುಖ ತಿರುಗಿಸಿಕೊಂಡು ಹೊರಗೆ ಹೋದಳು.

ಯಶೋದಾಳಿಗೆ ಹೇಳಿ ಕಳಿಸಿದ್ದರು. ಮಣ್ಣಿಗೆ ಅವಳು ಬರಲಿಲ್ಲ.

ಬಂದದ್ದು ಬೇಸಿಗೆಯಲ್ಲಿ. ಸುಮನಬಾಯಿ ಗಂಜಿಗೆ ಹೋಗಿದ್ದಳು. ಸೋನುಬಾಯಿ ಮೈ ಸರಿಯಿಲ್ಲದೆ ಮನೆಯಲ್ಲೇ ಇದ್ದಳು. ಬಾಗಿಲಲ್ಲಿ ನೆರಳು ಬಿದ್ದಾಗ ತಲೆ ಎತ್ತಿದಳು. ಇಪ್ಪತ್ತು ದಾಟಿದ ಹೆಂಗಸು, ಅಪ್ಪನಂತೆ ಎತ್ತರ. ಬಿಸಿಲಿಗೆ ಮುಖ ಕೆಂಡವಾಗಿತ್ತು, ತುಟಿ ಒಡೆದಿದ್ದವು. ಹೊಸ್ತಿಲು ದಾಟಲಿಲ್ಲ.

"ಅಪ್ಪ ಕಡೀಕ ಏನಂದ?"

ಮಗಳ ದನಿಯನ್ನು ಇಷ್ಟು ಹತ್ತಿರದಿಂದ ಕೇಳಿ ಎಷ್ಟು ವರ್ಷವಾಗಿತ್ತೋ. ಸೋನುಬಾಯಿ ಎದ್ದು ನಿಂತಳು, ಹತ್ತಿರ ಹೋಗಲಿಲ್ಲ. ಹೋದರೆ ಓಡಿಬಿಟ್ಟಾಳು ಎಂಬ ಭಯ.

"ಹಾಡಿದ ಅವ್ವಿ. ಹಾಡಿಕೋತ ಹೋದ."

ಯಶೋದಾ ಮುಖ ಕೆಳಗೆ ಹಾಕಿದಳು. ಸೋನುಬಾಯಿಗೆ ಇನ್ನೇನೂ ತೋಚಲಿಲ್ಲ. ತಂಬಿಗೆಯಲ್ಲಿ ಗಡಿಗೆಯ ತಣ್ಣೀರು ತುಂಬಿ ಹೊಸ್ತಿಲ ಮೇಲೆ ಇಟ್ಟಳು. ತಾನು ನೋಡಿದರೆ ಕುಡಿಯಲಾರಳು ಎಂದು ಬೆನ್ನು ತಿರುಗಿಸಿ ಒಲೆಯ ಕಡೆ ಹೋಗಿ ನಿಂತಳು. ನಿಂತೇ ಅಂದಳು:

"ಒಂದ್ ಮಾತು ಹೇಳ್ತೀನಿ. ಒಳಗ ಏನರ ಅನಸಿದ್ರ ಅದು ಕಲ್ಮಶ ಅಂತ ತೊಳೀಬ್ಯಾಡ. ನೀನೇ ಇರ್ತೀದಿ ಅದು."

ಹಿಂದಿನಿಂದ ದನಿ ಕೇಳಿತು, ಅರ್ಧ ಓಣಿಯ ಕಡೆ ತಿರುಗಿದ ದನಿ: "ನಾ ಬಂದದ್ದು ಯಾರಿಗೂ ಹೇಳಬ್ಯಾಡ. ಅಪ್ಪಣಿ ತಗೊಂಡು ಬಂದಿಲ್ಲ."

ಸೋನುಬಾಯಿ ತಿರುಗಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ತಂಬಿಗೆ ತುಂಬಿದ ಹಾಗೇ ಇತ್ತು. ಅವಳು ಹೊಸ್ತಿಲ ಮೇಲೆ ಕುಸಿದು ಕೂತು, ಒಂದು ಹನಿಯೂ ಕಡಿಮೆಯಾಗದ ಆ ನೀರನ್ನು ನೋಡುತ್ತ ಅತ್ತಳು. ಕಲ್ಯಾಣದ ಬಸ್ಸಿನ ಹಾರ್ನು ಕೇಳಿಸಿತು. ಆಗ ಮಗಳ ಕೊನೆಯ ಮಾತು ಅವಳ ಮನಸ್ಸಿಗೆ ನಿಧಾನವಾಗಿ ಇಳಿಯಿತು. ಅಪ್ಪಣೆ ಇಲ್ಲದೆ ಬಂದಿದ್ದಳು. ಈ ಬಿಸಿಲಲ್ಲಿ, ಯಾರಿಗೂ ಹೇಳದೆ, ತನಗೇ ಅನ್ನಿಸಿ ಬಂದಿದ್ದಳು.

ಸುಮನಬಾಯಿ ಬಂದು, ಯಾಕೆ ಅಳುತ್ತಿದ್ದೀ, ಯಾರು ಬಂದಿದ್ದರು ಎಂದು ಕೇಳಿದಳು. ಯಾರೂ ಇಲ್ಲ ಎಂದಳು ಸೋನುಬಾಯಿ. ಎದ್ದು ಕಣ್ಣೊರೆಸಿಕೊಂಡು ರೊಟ್ಟಿಗೆ ಹಿಟ್ಟು ನಾದತೊಡಗಿದಳು.